ತುದಿಯಲ್ಲಿ ಮುಟ್ಟಿದ ಮಾತು

ಕದ್ದ ಹುಡುಗಿಯನ್ನು ಬಚ್ಚಿಡುವುದೆಲ್ಲಿ? ಸಾಹಿರುಪ್ ವಾರದಿಂದ ತಲೆ ಕೆಡಿಸಿಕೊಂಡಿದ್ದ. ಅವನ ಸೋದರತ್ತೆ ಇನಾಕ್ ರೀಪಾ ಎಲೆಯಡಿಕೆ ಉಗಿದು ಒಂದೇ ಮಾತಲ್ಲಿ ಮುಗಿಸಿದಳು.

"ಅವಳ ಅಣ್ಣನ ಬೆನ್ನ ಹಿಂದೆ."

"ಅತ್ತೆ, ತಮಾಷೆ ಬೇಡ. ನನ್ನ ಜೀವ ಹೋಗ್ತಿದೆ."

"ತಮಾಷೆ ಯಾವನು ಮಾಡಿದ್ನೋ? ಆ ಲಾಲು ವಿರಾಜನ ಹೊರೆ ಎಷ್ಟು ವರ್ಷದಿಂದ ಹೊರ್ತಿದೀನಿ ನಾನು? ನನ್ನ ಮುಖ ಹೆಂಗಿದೆ ಅಂತ ಕೇಳು ಅವನ್ನ. ಮೊಟ್ಟೆ ಎಷ್ಟು ಒಡೆದ್ವು ಅಂತ ಹೇಳ್ತಾನೆ. ಹೊತ್ತವಳಿಗೆ ಮೂಗಿದೆಯೋ ಇಲ್ವೋ, ಅವನಿಗೆ ಗೊತ್ತಿಲ್ಲ."

ಸಾಹಿರುಪ್ ಯೋಚಿಸಿದ. ನಿಜ. ಗೊತ್ತಿಲ್ಲ.

ದೊಡ್ಡಮನೆ ಮೇಲ್ಕೇರಿಯಲ್ಲಿತ್ತು. ಆ ಮನೆಯ ಗಂಡಸರ ಹೆಸರಿನ ಮುಂದೆ ಲಾಲು, ಹೆಂಗಸರ ಹೆಸರಿನ ಮುಂದೆ ಬಾಯಿಕ್. ಕೆಳಕೇರಿಯವರ ಹೆಸರಿನ ಮುಂದೆ ಏನೂ ಇಲ್ಲ. ಮಕ್ಕಳಾದ ಮೇಲೆ ಇದ್ದ ಹೆಸರೂ ಹೋಗುತ್ತದೆ. ರೀಪಾಳನ್ನು ಹೆತ್ತವಳು ಇನಾಕ್ ರೀಪಾ. ಅವಳ ಸ್ವಂತ ಹೆಸರನ್ನು ಈಗ ಯಾರಾದರೂ ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ.

ರಿಂಜಾನಿ ಎಂಬ ಜ್ವಾಲಾಮುಖಿ ಬೆಟ್ಟವನ್ನೂ ಹಾಗೆಯೇ ಹಂಚಿಕೊಂಡಿದ್ದರು. ಗೈಡಿನ ಬಿಲ್ಲೆ ದೊಡ್ಡಮನೆಗೆ, ಹೊರೆ ಕೆಳಕೇರಿಗೆ. ಲಾಲು ವಿರಾಜ ಬೂಟು ಹಾಕಿಕೊಂಡು ಕೈಬೀಸಿ ಹತ್ತುತ್ತಾನೆ. ಹಿಂದೆ ಹವಾಯಿ ಚಪ್ಪಲಿಯಲ್ಲಿ ಇವರು. ಭುಜದ ಮೇಲೆ ಬಿದಿರ ಅಡ್ಡೆ. ಅಡ್ಡೆಯ ಎರಡು ತುದಿಗೆ ಎರಡು ಬುಟ್ಟಿ. ಟೆಂಟು, ಅಕ್ಕಿ, ನೀರು, ಒಲೆ, ಬೆಟ್ಟ ಹತ್ತಲು ದೂರದಿಂದ ಬಂದವರು ಕೂರಲು ಕುರ್ಚಿ, ಬಂದವರು ಕಕ್ಕಸಿಗೆ ಕೂರಲು ಇನ್ನೊಂದು ಕುರ್ಚಿ. ಎಲ್ಲ ಹೊರೆಯಾಳುಗಳ ಭುಜದಲ್ಲೂ ಕಿತ್ತಳೆ ಗಾತ್ರದ ಗಂಟು ಇರುತ್ತದೆ. ಇನಾಕ್ ರೀಪಾ ತನ್ನ ಗಂಟಿಗೆ ಎಣ್ಣೆ ಹಚ್ಚುತ್ತ "ಇದು ನನ್ನ ಎರಡನೇ ಮಗು" ಎನ್ನುತ್ತಿದ್ದಳು.

ರತ್ಮಿನಿ ಆ ದೊಡ್ಡಮನೆಯ ಹುಡುಗಿ. ಲಾಲು ವಿರಾಜನ ತಂಗಿ. ಬೆಟ್ಟಕ್ಕೆ ಹೋಗುವ ಅಕ್ಕಿ, ಮೊಟ್ಟೆಯನ್ನು ಜಗಲಿಯ ಮೇಲಿಂದ ಅಳೆದು ಕೊಡುವ ಕೆಲಸ ಅವಳದು. ಅವಳು ಜಗಲಿಯ ಮೇಲೆ, ಸಾಹಿರುಪ್ ಅಂಗಳದಲ್ಲಿ ಬುಟ್ಟಿ ಹಿಡಿದು. ಎರಡು ವರ್ಷ ಮೊಟ್ಟೆ ಕೊಟ್ಟಳು, ಎರಡು ವರ್ಷ ಇವನು ಇಸಕೊಂಡ. ಒಂದು ದಿನ ಅವಳೇ ಕೇಳಿದಳು.

"ಮೊಟ್ಟೆ ಮಾತ್ರ ಹೊರ್ತೀಯೋ, ಅಥವಾ ಬೇರೆ ಏನಾದರೂ ಕದಿಯೋ ಧೈರ್ಯ ಇದೆಯೋ?"

ಅವನ ಕೈಯಲ್ಲಿದ್ದ ಒಂದು ಮೊಟ್ಟೆ ಅಲ್ಲೇ ಒಡೆಯಿತು.

ಅಲ್ಲಿ ಮದುವೆ ಕೇಳಿಕೊಂಡು ಹೋಗುವವರಿಲ್ಲ. ಕೇಳುವುದೇ ಅವಮಾನ. ಹುಡುಗಿ ಒಪ್ಪಿದರೆ ಹುಡುಗ ಅವಳನ್ನು ಕದಿಯಬೇಕು. ಜೊತೆಯಲ್ಲಿ ಅವನ ಕಡೆಯ ಒಬ್ಬ ಹೆಂಗಸಿರಬೇಕು. ಆಮೇಲೆ ಹುಡುಗಿಯ ಮನೆಯವರಿಗೆ, ಅವಳು ನಮ್ಮ ಕಡೆ ಇದಾಳೆ ಎಂಬ ಮಾತು ಮುಟ್ಟಿಸಬೇಕು. ಮಾತು ಮುಟ್ಟುವವರೆಗೆ ಅದು ಕಳವು. ಮುಟ್ಟಿದ ಮೇಲೆ ಮದುವೆ.

ಮಾತು ಮುಟ್ಟುವುದರಲ್ಲೇ ಇತ್ತು ಮೋಸ. ಸಾಹಿರುಪ್‌ನ ಅಣ್ಣ ಮಹ್ನೆಪ್ ಹಿಂದೊಮ್ಮೆ ಮೇಲ್ಕೇರಿಯ ಹುಡುಗಿಯನ್ನು ಕದ್ದಿದ್ದ. ಮಾತು ಮುಟ್ಟಿಸಲು ಅಪ್ಪ ಹೋದ. ಅಂಗಳದ ಮಣ್ಣಿನಲ್ಲಿ ಕೂತ. ಮಾತು ಆಡಿದ. ಜಗಲಿಯ ಮೇಲಿದ್ದವರು ಕಾಫಿ ಕುಡಿದರು. ಅಪ್ಪ ಮತ್ತೆ ಆಡಿದ. ಅವರು ಊಟ ಮಾಡಿದರು, ಮಲಗಿದರು, ಎದ್ದರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಿಸಿಲು ಅಪ್ಪನ ನೆತ್ತಿಯಿಂದ ಬೆನ್ನಿಗೆ ಇಳಿಯಿತು. ಅಷ್ಟರಲ್ಲಿ ಅವರ ಆಳುಗಳು ಕೆಳಕೇರಿಯ ಬಾಗಿಲುಗಳನ್ನು ಒದ್ದು, ಹುಡುಗಿಯನ್ನು ಹುಡುಕಿ, ಜಡೆ ಹಿಡಿದು ಎಳೆದುಕೊಂಡು ಬಂದರು. ಅಪ್ಪನ ಮುಂದೆಯೇ ಒಳಗೆ ನೂಕಿದರು.

"ಮಾತು ನಮಗೆ ಕೇಳಿಸಲೇ ಇಲ್ವಲ್ಲ" ಎಂದರು. ಅಷ್ಟೇ.

ಮಹ್ನೆಪ್‌ನನ್ನು ಕಳ್ಳನೆಂದು ಹೊಡೆದರು. ಅವನು ಮಲೇಷಿಯಾದ ತೋಟಗಳಿಗೆ ಹೋದವನು ತಿರುಗಿ ಬರಲಿಲ್ಲ. ಅಪ್ಪ ಆ ದಿನದಿಂದ ಯಾರ ಮನೆಗೆ ಹೋದರೂ ಕೂರುವುದಿಲ್ಲ. ನಿಂತೇ ಇರುತ್ತಾನೆ.

ಇನಾಕ್ ರೀಪಾ ಇದನ್ನೆಲ್ಲ ಎಲೆಯಡಿಕೆಯ ಜೊತೆ ಜಗಿದಿದ್ದಳು. "ಹುಡುಗಿ ಅವರ ಕೈಗೆ ಸಿಗಬಾರದು. ಮಾತು ಅವರ ಕಿವಿಯಿಂದ ತಪ್ಪಬಾರದು. ಬಾಗಿಲೇ ಇಲ್ಲದ ಜಾಗ ಎಲ್ಲಿದೆ ಹೇಳು?"

ಸಾಹಿರುಪ್ ಬೆಟ್ಟದ ಕಡೆ ನೋಡಿದ.

*

ಸಂಜೆಯ ಮಗ್ರಿಬ್ ಬಾಂಗು ಮುಗಿಯುವ ಹೊತ್ತಿಗೆ ರತ್ಮಿನಿ ಹಿತ್ತಲಿನಿಂದ ಬಂದಳು. ತಲೆನೋವೆಂದು ಕೋಣೆಯಲ್ಲಿ ಮಲಗಿದ್ದಾಳೆಂದು ಮನೆಯವರು ನಂಬಿದ್ದರು. ರಾತ್ರಿ ಇನಾಕ್ ರೀಪಾಳ ಮನೆ. ಬೆಳಕು ಹರಿಯುವ ಮೊದಲೇ ಮೂವರೂ ಬಾಡಿಗೆ ಲಾರಿಯ ಹಿಂಭಾಗದಲ್ಲಿದ್ದರು. ಮುಂದೆ, ಡ್ರೈವರನ ಪಕ್ಕ, ಲಾಲು ವಿರಾಜ. ಅವನ ಪಕ್ಕ ಜಕಾರ್ತಾದ ಟೈಲ್ಸ್ ಕಾರ್ಖಾನೆಯ ಯಜಮಾನ ಪಾಕ್ ಗುನಾದಿ. ಹಿಂದೆ ಕೋಳಿ, ಕುರ್ಚಿ, ಕಲ್ಲಂಗಡಿ, ಮತ್ತು ಕದ್ದ ತಂಗಿ.

ರತ್ಮಿನಿಗೆ ರೀಪಾಳ ಗಂಡನ ಪ್ಯಾಂಟು, ಹರಿದ ಜಾಕೀಟು. ತಲೆ, ಕೆನ್ನೆ, ಗದ್ದ ಸುತ್ತಿ ಒಂದು ಹಳೆಯ ಸರೋಂಗು, ಲುಂಗಿಯಂಥ ಬಟ್ಟೆ. ಕೈಗೆ ಇದ್ದಿಲು.

ಬೆಟ್ಟದ ಬುಡದಲ್ಲಿ ಲಾಲು ವಿರಾಜ ಹೊರೆಗಳನ್ನು ಎಣಿಸಿದ. ಹೊತ್ತವರ ತಲೆಗಳನ್ನೂ ಎಣಿಸಿದ.

"ಇದ್ಯಾವುದು ಹೊಸದು?"

"ನಮ್ಮ ಕಡೆ ಹುಡುಗ, ಲಾಲು" ಎಂದಳು ಇನಾಕ್ ರೀಪಾ, ನೆಲ ನೋಡುತ್ತ. "ಹಲ್ಲುನೋವು. ಕೆನ್ನೆ ಊದಿಕೊಂಡಿದೆ. ಬಾಯಿ ಬಿಡೋಕಾಗಲ್ಲ."

"ಒಳ್ಳೇದಾಯ್ತು. ನಿಮ್ಮೋರು ಬಾಯಿ ಮುಚ್ಕೊಂಡು ಹತ್ತೋದು ಯಾವಾಗ ನೋಡ್ತೀನೋ ಅಂತಿದ್ದೆ. ಏ ಹಲ್ಲುನೋವು, ಕುರ್ಚಿ ನಿನ್ನದು."

ಕುರ್ಚಿಯ ಬುಟ್ಟಿಗಳು ರತ್ಮಿನಿಯ ಭುಜಕ್ಕೆ ಬಂದವು.

ಮೊದಲ ಏರಿನಲ್ಲೇ ಅವಳ ಹೆಜ್ಜೆ ತಪ್ಪಿತು. ಬಿದಿರು ಎಲುಬಿನ ಮೇಲೆ ಕೂತು ಉಜ್ಜುತ್ತದೆ. ಬುಟ್ಟಿಗಳು ತಮ್ಮಷ್ಟಕ್ಕೆ ತೂಗುತ್ತವೆ, ಹೊತ್ತವರನ್ನೂ ತೂಗಿಸುತ್ತವೆ. ಮುಂದಿನ ಬುಟ್ಟಿ ಕಲ್ಲಿಗೆ ತಾಗಿದರೆ ಹಿಂದಿನ ಬುಟ್ಟಿ ನೂಕುತ್ತದೆ. ಹುಲ್ಲುಗಾವಲು ಮುಗಿಯುವ ಹೊತ್ತಿಗೆ ಅವಳ ಜಾಕೀಟಿನ ಭುಜ ಒದ್ದೆಯಾಗಿತ್ತು. ಬೆವರು ಎಂದುಕೊಂಡ ಸಾಹಿರುಪ್. ಹತ್ತಿರ ಬಂದು ನೋಡಿದ. ಬೆವರು ಅಷ್ಟು ಕೆಂಪಗಿರುವುದಿಲ್ಲ.

"ನಿನ್ನ ಬುಟ್ಟಿಯಿಂದ ಒಂದಿಷ್ಟು ನನಗೆ ಹಾಕು" ಎಂದ ಮೆಲ್ಲಗೆ.

ಅವಳು ಸರೋಂಗಿನೊಳಗಿಂದ ಗುರುಗುಟ್ಟಿದಳು. "ದೂರ ಹೋಗು. ಹಲ್ಲುನೋವಿನವನ ಹತ್ತಿರ ಯಾರಾದ್ರೂ ಇಷ್ಟು ಪ್ರೀತಿಯಿಂದ ಮಾತಾಡ್ತಾರಾ?"

ಮಧ್ಯಾಹ್ನ ನೆರಳಿನಲ್ಲಿ ಪಾಕ್ ಗುನಾದಿ ಕುರ್ಚಿಯ ಮೇಲೆ ಕೂತು ತನ್ನದೇ ವಿಡಿಯೋ ತೆಗೆದುಕೊಂಡ. "ಸ್ನೇಹಿತರೇ, ಇದು ನಿಜವಾದ ಕಷ್ಟ. ಇಲ್ಲಿ ಯಾರ ಸಹಾಯವೂ ಇಲ್ಲ." ಅವನ ಹಿಂದೆ ಮೂವರು ಅವನ ಅನ್ನ ಬೇಯಿಸುತ್ತಿದ್ದರು.

ಲಾಲು ವಿರಾಜ ಕಲ್ಲಿನ ಮೇಲೆ ಒರಗಿ ಕಾಲು ಚಾಚಿದ. "ಏ ಹಲ್ಲುನೋವು. ಬೂಟು ಬಿಚ್ಚು. ಕಾಲು ಒತ್ತು."

ಸಾಹಿರುಪ್‌ನ ಕೈಯಲ್ಲಿದ್ದ ಸೌಟು ನಿಂತಿತು. ಹೊರೆಯಾಳುಗಳು ಕಾಲು ಒತ್ತಬೇಕೆಂದು ಯಾವ ಒಪ್ಪಂದದಲ್ಲೂ ಇಲ್ಲ. ಆದರೂ ವರ್ಷಗಟ್ಟಲೆ ಒತ್ತಿದ್ದಾರೆ. ಅವನೂ ಒತ್ತಿದ್ದಾನೆ. ಬೇರೆಯವರ ಕಾಲು ಹಿಡಿದ ಕೈಯಲ್ಲೇ ಆಮೇಲೆ ಅನ್ನ ಕಲಸಿ ತಿಂದಿದ್ದಾನೆ.

ರತ್ಮಿನಿ ಕುಕ್ಕರುಗಾಲಲ್ಲಿ ಕೂತಳು. ಅಣ್ಣನ ಮೀನಖಂಡ ಹಿಡಿದಳು. ಲಾಲು ವಿರಾಜ ಕಣ್ಣು ಮುಚ್ಚಿದ. ಒಡಹುಟ್ಟಿದವಳ ಮುಖ ಒಂದು ಮೊಳ ದೂರದಲ್ಲಿತ್ತು. ಕಣ್ಣು ತೆರೆದ. ಆಕಾಶ ನೋಡಿದ. ಫೋನು ನೋಡಿದ. ಸಿಗ್ನಲ್ ಇಲ್ಲವೆಂದು ಅದನ್ನು ಆರಿಸಿ ಜೇಬಿಗಿಟ್ಟ. ಮತ್ತೆ ಕಣ್ಣು ಮುಚ್ಚಿದ.

"ಅಯ್ಯಯ್ಯೋ! ಕತ್ತೆ! ಕಾಲು ಮುರೀತೀಯೇನೋ?"

"ಎಳೇ ಹುಡುಗ, ಲಾಲು" ಎಂದಳು ಇನಾಕ್ ರೀಪಾ ಒಲೆಯ ಮುಂದಿನಿಂದ. "ಹಲ್ಲುನೋವಿನ ಸಿಟ್ಟು ಕೈಗೆ ಬಂದಿದೆ."

ಒಲೆಯ ಹೊಗೆಗೆ ಎಂಬಂತೆ ಅವಳು ಮುಖಕ್ಕೆ ತಲೆಬಟ್ಟೆಯ ತುದಿ ಒತ್ತಿಕೊಂಡಳು. ಬೆನ್ನು ಕುಲುಕುತ್ತಿತ್ತು. ಸಾಹಿರುಪ್ ನಗಲಿಲ್ಲ. ಲಾಲು ವಿರಾಜ ನೋಡುವುದಿಲ್ಲ ಎಂದು ನಂಬಿಯೇ ಬಂದದ್ದು. ನಂಬಿದ್ದು ನಿಜವಾಯಿತು. ಅದಕ್ಕೇ ಉರಿಯಿತು.

*

ಕಣಿವೆಯ ಅಂಚಿನ ಟೆಂಟುಗಳ ಹತ್ತಿರ ಹೊರೆಯಾಳುಗಳ ಕೆಲಸ ಮುಗಿಯುತ್ತದೆ. ತುದಿಗೆ ಗೈಡು, ಬಂದವರು ಮಾತ್ರ. ಆದರೆ ಪಾಕ್ ಗುನಾದಿಗೆ ತುದಿಯಲ್ಲಿ ಕುರ್ಚಿಯ ಮೇಲೆ ಕೂತು ಕಲ್ಲಂಗಡಿ ತಿನ್ನಬೇಕಿತ್ತು. ಸೂರ್ಯ ಹುಟ್ಟುವಾಗ.

"ತಿನ್ನಿಸೋಣ" ಎಂದಿದ್ದ ಲಾಲು ವಿರಾಜ.

ತಿನ್ನಿಸುವುದೆಂದರೆ ನಡುರಾತ್ರಿಯಲ್ಲೇ ಹೊತ್ತು ಹತ್ತಿಸುವುದು. ಕೊನೆಯ ಏರು ಬರೀ ಬೂದಿ, ಕರಿ ಗರಸು. ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಜಾರುತ್ತದೆ. ಚಪ್ಪಲಿಯೊಳಗೆ ಗರಸು ನುಗ್ಗಿ ಬೆರಳ ಸಂದು ಕೊಯ್ಯುತ್ತದೆ. ಇನಾಕ್ ರೀಪಾ ಕಲ್ಲಂಗಡಿಯನ್ನು ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡಿದ್ದಳು. "ಹೆತ್ತಿದ್ರೆ ಇಷ್ಟು ತೂಕ ಇರ್ತಿರಲಿಲ್ಲ" ಎಂದು ಬೈಯುತ್ತ ಏರಿದಳು. ಸಾಹಿರುಪ್‌ಗೆ ನೀರು, ಒಲೆ, ಕೆಟಲು. ರತ್ಮಿನಿಗೆ ಕುರ್ಚಿ. ಅವಳು ಬಿದ್ದಳು. ಎದ್ದಳು. ಮತ್ತೆ ಬಿದ್ದಾಗ ನಾಲ್ಕು ಕಾಲಲ್ಲಿ ಏರಿದಳು, ಬೆನ್ನ ಮೇಲೆ ಕುರ್ಚಿಯ ನಾಲ್ಕು ಕಾಲು ಆಕಾಶ ನೋಡುತ್ತಿದ್ದವು.

ತುದಿ ಎಂದರೆ ನಾಲ್ಕೈದು ಜನ ನಿಲ್ಲುವಷ್ಟು ಅಗಲದ ಬೂದಿಯ ದಿಣ್ಣೆ. ಎರಡೂ ಕಡೆ ಕಂದರ. ಆಳದಲ್ಲಿ ಕೆರೆ, ಕೆರೆಯ ನಡುವೆ ಮರಿಬೆಟ್ಟ. ಅದರ ಬಾಯಿಂದ ಹೊಗೆ ಏಳುತ್ತಿತ್ತು. ಗಂಧಕದ ವಾಸನೆಗೆ ಕಣ್ಣು ಉರಿಯುತ್ತಿತ್ತು. ಆ ದಿನ ಬೇರೆ ಯಾರೂ ಇನ್ನೂ ಮೇಲೆ ಮುಟ್ಟಿರಲಿಲ್ಲ. ಪಾಕ್ ಗುನಾದಿಯ ಕುರ್ಚಿಗಾಗಿ ಇವರು ಎಲ್ಲರಿಗಿಂತ ಮೊದಲೇ ಹೊರಟಿದ್ದರು.

ಸಾಹಿರುಪ್ ಒಲೆ ಹಚ್ಚಿದ. ಮಾತು ಈಗ ಮುಟ್ಟಬೇಕು. ಮುಟ್ಟದೆ ಕೆಳಗಿಳಿದರೆ ಅಲ್ಲಿ ಬಾಗಿಲುಗಳಿವೆ.

ಲಾಲು ವಿರಾಜ ಫೋನು ಹಚ್ಚಿದ. ಹಚ್ಚಿದ್ದೇ ತಡ ಅದು ಬಡಕೊಂಡಿತು.

"ಏನಮ್ಮ? ... ಏನು? ಯಾರು? ರತ್ಮಿನೀನಾ?"

ಅವನ ಮುಖದ ಬಣ್ಣ ಹೋಯಿತು. ಆ ಕಡೆ ತಾಯಿಯ ಅಳು ಗಾಳಿಯಲ್ಲೂ ಕೇಳುತ್ತಿತ್ತು. ರತ್ಮಿನಿ ಕುರ್ಚಿಯ ಕಾಲು ಬಿಚ್ಚುತ್ತಿದ್ದವಳು ಹಾಗೇ ನಿಂತಳು. ಫೋನು ಕೊಂಯ್ ಎಂದು ಸತ್ತಿತು. ತುದಿಯಲ್ಲಿ ಸಿಗ್ನಲ್ ಬಂದ ಹಾಗೆಯೇ ಹೋಗುತ್ತದೆ.

"ನನ್ನ ತಂಗೀನ ಕದ್ದಿದಾರೆ!" ಎಂದು ಅವನು ಬೆಟ್ಟಕ್ಕೇ ಕೂಗಿ ಹೇಳಿದ. "ಯಾವನೋ ಕೆಳಕೇರಿ ನಾಯಿ!" ಸಾಹಿರುಪ್ ಕಡೆ ತಿರುಗಿದ. "ಏ ನೀನು. ಒಲೆ ಬಿಡು. ಓಡು. ನಮ್ಮ ಆಳುಗಳಿಗೆ ಹೇಳು, ನಿಮ್ಮ ಕೇರಿ ಒಂದೊಂದು ಬಾಗಿಲೂ ಒದೀಲಿ. ಸಿಕ್ಕಿದ ತಕ್ಷಣ ಜಡೆ ಹಿಡಿದು ಎಳೀಲಿ. ಮಾತು ಮುಟ್ಟಿಸೋಕೆ ಯಾರಾದ್ರೂ ಬಂದ್ರೆ ಅಂಗಳದಲ್ಲಿ ಕೂರಿಸಿ, ಕೊಳೀಲಿ. ನನಗೆ ಕೇಳಿಸಲ್ಲ. ನಾನು ಬೆಟ್ಟದಲ್ಲಿದೀನಿ."

ಸಾಹಿರುಪ್ ಎದ್ದು ನಿಂತ. ಹುಟ್ಟಿದಂದಿನಿಂದ ದೊಡ್ಡಮನೆಯವರ ಮುಂದೆ ಬಗ್ಗಿ ಅವನ ಕತ್ತಿಗೆ ಒಂದೇ ಅಭ್ಯಾಸ. ಅದು ತಾನಾಗಿ ಬಗ್ಗಲು ಹೊರಟಿತ್ತು. ಅಂಗಳದಲ್ಲಿ ಕೂತ ಅಪ್ಪನ ನೆತ್ತಿ ನೆನಪಾಯಿತು.

"ಹೋಗಲ್ಲ" ಎಂದ.

"ಏನಂದೆ?"

"ಹೋಗಲ್ಲ ಅಂದೆ. ಅಂಗಳಕ್ಕೆ ಬರಲ್ಲ. ಕೂರಲ್ಲ. ಇಲ್ಲೇ ನಿಂತು ಹೇಳ್ತೀನಿ. ನಿಮ್ಮ ಮನೆಯ ಬಾಯಿಕ್ ರತ್ಮಿನಿ ನಮ್ಮ ಕಡೆ ಇದಾಳೆ. ತನ್ನ ಕಾಲಲ್ಲಿ ತಾನೇ ನಡ್ಕೊಂಡು ಬಂದಿದಾಳೆ. ಹುಡುಕಬೇಡಿ."

ಕೆಳಕೇರಿಯವರು ತಲತಲಾಂತರದಿಂದ ಮಣ್ಣಿನಲ್ಲಿ ಕೂತು ಆಡಿದ ಮಾತು ಅದು. ನಿಂತು ಆಡಿದ್ದು ಅದೇ ಮೊದಲು.

ಲಾಲು ವಿರಾಜ ಬಾಯಿ ತೆರೆದ. ಆಮೇಲೆ ನೆನಪಾಯಿತು. ಎರಡೂ ಕೈಯಿಂದ ಕಿವಿ ಮುಚ್ಚಿದ. "ಗಾಳಿ! ಗಾಳಿ ಬೀಸ್ತಿದೆ. ನನಗೆ ಏನೂ ಕೇಳಿಸ್ತಿಲ್ಲ."

ಬಲಕ್ಕೆ ತಿರುಗಿದ. ಕಂದರ. ಎಡಕ್ಕೆ ತಿರುಗಿದ. ಕಂದರ. ಹಿಂದೆ ಇನಾಕ್ ರೀಪಾ, ಬೆನ್ನಿನ ಕಲ್ಲಂಗಡಿಯ ಸಮೇತ.

"ನಮ್ಮ ಕಡೆ ಇದಾಳೆ!" ಎಂದು ಅವಳು ಅವನ ಕಿವಿಯ ಹತ್ತಿರವೇ ಅರಚಿದಳು. "ಹುಡುಕಬೇಡಿ!"

"ಗಾಳಿ!" ಎಂದು ಅವನು ಅದಕ್ಕಿಂತ ಜೋರಾಗಿ ಅರಚಿದ.

ಪಾಕ್ ಗುನಾದಿ ಫೋನು ಎತ್ತಿ ಹಿಡಿದು ಸುತ್ತಲೂ ತಿರುಗುತ್ತಿದ್ದ. ಖುಷಿಯೋ ಖುಷಿ. "ಇದು ನಿಮ್ಮ ಕಡೆಯ ನಾಟಕಾನಾ? ಪ್ಯಾಕೇಜಿನಲ್ಲೇ ಸೇರಿದೆಯಾ? ಇನ್ನೊಂದ್ಸಲ ಅನ್ನಿ, ಆ ನಾಯಿ ಅಂದ್ರಲ್ಲ, ಅಲ್ಲಿಂದ."

ಆಗ ಒಂದು ಕೀರಲು ಸದ್ದು ಕೇಳಿತು. ಬಿಚ್ಚಿ ನಿಲ್ಲಿಸಿದ್ದ ಕುರ್ಚಿಯ ಮೇಲೆ ಹಲ್ಲುನೋವಿನ ಹುಡುಗ ಕೂತಿದ್ದ. ಕಾಲ ಮೇಲೆ ಕಾಲು ಹಾಕಿ.

"ಏ! ಏಳೋ! ಅದು ಸಾಹೇಬರ ಕುರ್ಚಿ!"

ಹುಡುಗ ಏಳಲಿಲ್ಲ. ಸರೋಂಗಿನ ಸುತ್ತು ಒಂದೊಂದಾಗಿ ಬಿಚ್ಚಿದ. ಗದ್ದ ಬಂತು. ಕೆನ್ನೆ ಬಂತು. ಜಡೆ ಜಾರಿ ಬಿತ್ತು.

"ಕಾಲು ನೋಯ್ತಿದೆ, ಅಣ್ಣ" ಎಂದಳು ರತ್ಮಿನಿ.

ಲಾಲು ವಿರಾಜನ ಕೈಗಳು ಕಿವಿಯಿಂದ ಜಾರಿದವು.

"ನೀನು... ಇಲ್ಲಿಗೆ ಹೆಂಗೆ ಬಂದೆ?"

"ನಿನ್ನ ಜೊತೆ."

"ಯಾವಾಗ?"

"ನೀನು ಹೊರಟಾಗ. ನಿನ್ನೆ ನಿನ್ನ ಕಾಲು ಒತ್ತಿದ್ದು ಯಾರು ಅಂದ್ಕೊಂಡೆ? ಕತ್ತೆ ಅಂದ್ಯಲ್ಲ."

ಅವನು ಅವಳ ಕಡೆ ಒಂದು ಹೆಜ್ಜೆ ಹಾಕಿದ. ಸಾಹಿರುಪ್ ಅಡ್ಡ ಬಂದ. ರತ್ಮಿನಿ ಅವನನ್ನು ಪಕ್ಕಕ್ಕೆ ಸರಿಸಿದಳು.

"ಬಿಡು. ಎಳ್ಕೊಂಡು ಹೋಗಲಿ. ಹೋಗೋಣ ಬಾ ಅಣ್ಣ. ಇಲ್ಲಿಂದ ಊರಿಗೆ ಎಷ್ಟು ಗೈಡುಗಳು, ಎಷ್ಟು ಹೊರೆಯಾಳುಗಳು ಸಿಗ್ತಾರೆ. ತಂಗಿ ಎಲ್ಲಿ ಸಿಕ್ಕಿದ್ಲು ಲಾಲು ಅಂತ ಕೇಳ್ತಾರೆ. ಏನಂತೀಯ? ನನ್ನ ಹಿಂದೇನೇ ಇದ್ಲು, ನಾನೇ ಕುರ್ಚಿ ಹೊರಿಸಿದ್ದೆ, ಅಂತೀಯಾ?"

ಅವಳು ಜಾಕೀಟಿನ ಭುಜ ಸರಿಸಿ ತೋರಿಸಿದಳು. ಚರ್ಮ ಸುಲಿದು ಬಟ್ಟೆಗೆ ಅಂಟಿತ್ತು. "ಇದು ಒಂದು ದಿನದ್ದು. ಇನಾಕ್ ರೀಪಾಳದು ಎಷ್ಟು ವರ್ಷದ್ದು ಅಂತ ಕೇಳಿದೀಯಾ? ನಾನೂ ಕೇಳಿರಲಿಲ್ಲ. ಜಗಲಿ ಮೇಲೆ ಕೂತು ಮೊಟ್ಟೆ ಕೊಡ್ತಿದ್ದೆ."

ಅವನು ನೋಡಲಿಲ್ಲ. ಅವನ ಕಣ್ಣು ಪಾಕ್ ಗುನಾದಿಯ ಫೋನಿನ ಮೇಲಿತ್ತು. ಗಂಟಲಿನ ನರ ಉಬ್ಬಿತು.

"ನೀನು ಬಾಯಿಕ್ ಅಲ್ಲ ಇನ್ನು!" ಎಂದು ಕಿರುಚಿದ. "ಕೇಳಿಸ್ತಾ? ನಮ್ಮ ಮನೆಯವಳಲ್ಲ! ಹೊರಗೆ ಹಾಕಿದೀನಿ! ಈ ಹೊರೆಯವನ ಜೊತೆ ಹೋಗಿ ಸಾಯಿ! ನಿನ್ನ ಮಕ್ಕಳೂ ಹೊರೆ ಹೊರಲಿ!"

ಮರಿಬೆಟ್ಟದಿಂದ ಹೊಗೆಯೊಂದು ಉಂಡೆಯಾಗಿ ಮೇಲೆದ್ದು ಹರಡಿತು. ಆಮೇಲೆ ಇನಾಕ್ ರೀಪಾ ಕೈ ತಟ್ಟಿ ನಕ್ಕಳು. ಎಲೆಯಡಿಕೆಯ ಹಲ್ಲು ಅಷ್ಟೂ ಕಾಣುವ ಹಾಗೆ ನಕ್ಕಳು.

"ಕೇಳಿಸ್ತು! ಲಾಲುಗೆ ಕೇಳಿಸ್ತು!"

"ಏನು ಕೇಳಿಸ್ತು? ನನಗೇನೂ..."

"ಮಾತು ಮುಟ್ಟದೆ ಹುಡುಗೀನ ಹೊರಗೆ ಹಾಕೋಕಾಗುತ್ತಾ? ಯಾವ ಊರಲ್ಲಾದ್ರೂ ಕೇಳು. ಕಳುವಾದ ಹುಡುಗೀನ ಹುಡುಕ್ತಾರೆ. ಮದುವೆಯಾದ ಹುಡುಗೀನ ಹೊರಗೆ ಹಾಕ್ತಾರೆ. ಹೊರಗೆ ಹಾಕ್ದೆ ನೀನು. ನಿನ್ನ ಬಾಯಲ್ಲೇ." ಅವಳು ಪಾಕ್ ಗುನಾದಿಯ ಕಡೆ ತಿರುಗಿದಳು. "ಸಾಹೇಬ್ರೇ, ಎಲ್ಲಾ ಬಂತಾ ಅದ್ರಲ್ಲಿ?"

"ಎಲ್ಲಾ ಬಂದಿದೆ!" ಎಂದ ಪಾಕ್ ಗುನಾದಿ. "ಶುರುವಿನಿಂದ ಬಂದಿದೆ."

ಲಾಲು ವಿರಾಜ ಬೂದಿಯ ಮೇಲೆ ಕುಸಿದು ಕೂತ. ನೆಲದಲ್ಲಿ. ಮಾತು ಕೇಳಿ ನೆಲಕ್ಕೆ ಕೂತ ದೊಡ್ಡಮನೆಯವರಲ್ಲಿ ಅವನೇ ಮೊದಲಿಗ. ಸಾಹಿರುಪ್ ಅವನ ನೆತ್ತಿ ನೋಡಿದ. ಒದೆಯಬೇಕೆನಿಸಿತು. ಒದೆಯಲಿಲ್ಲ. ಕುದಿದಿದ್ದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟ.

"ಕುಡೀರಿ, ಭಾವ. ಬಿಸಿ ಇದೆ."

ಭಾವ ಕುಡಿಯಲಿಲ್ಲ.

ರತ್ಮಿನಿ ಕುರ್ಚಿಯಿಂದ ಎದ್ದಳು. ಅಣ್ಣನ ಮುಂದೆ ಒಂದು ಗಳಿಗೆ ನಿಂತಳು. ದನಿ ಇಳಿದಿತ್ತು.

"ಅಮ್ಮ ಅಳ್ತಿದ್ಲಾ?"

ಅವನು ತಲೆ ಎತ್ತಲಿಲ್ಲ. ಅವಳು ಇದ್ದಿಲಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಇದ್ದಿಲು ಕೆನ್ನೆಯುದ್ದಕ್ಕೂ ಹರಡಿತು.

ಇನಾಕ್ ರೀಪಾ ಬೆನ್ನಿನ ಕೂಸನ್ನು ಬಿಚ್ಚಿ ಪಾಕ್ ಗುನಾದಿಯ ಮಡಿಲಿಗೆ ಇಟ್ಟಳು.

"ಇದನ್ನ ಕೊಯ್ಯೋರು ಯಾರು?" ಎಂದ ಅವನು. "ಕೆಳಗೆ ಹೊರೋರು ಯಾರು?"

"ನಾವು ಮದುವೆಮನೆಯವರು, ಸಾಹೇಬ್ರೇ. ಇವತ್ತು ಹೊರೆ ಹೊರಲ್ಲ" ಎಂದ ಸಾಹಿರುಪ್. "ಗೈಡು ಇದಾರಲ್ಲ. ಬೂಟು ಬೇರೆ ಇದೆ."

ಮೂವರೂ ಬೂದಿಯ ಇಳಿಜಾರಿಗೆ ಕಾಲಿಟ್ಟರು. ಏರುವಾಗ ಕಾಲು ಎಳೆದ ಬೂದಿ ಇಳಿಯುವಾಗ ತಾನೇ ಹೊತ್ತು ಒಯ್ಯುತ್ತದೆ. ಹಿಮ್ಮಡಿ ಊರಿದರೆ ಸಾಕು, ಒಂದೊಂದು ಹೆಜ್ಜೆಗೆ ಎರಡು ಮಾರು. ಇನಾಕ್ ರೀಪಾ ಸರೋಂಗು ಮೊಣಕಾಲಿಗೆ ಎತ್ತಿ ಕಟ್ಟಿ ಹುಡುಗಿಯ ಹಾಗೆ ಜಾರಿದಳು. ಆ ಹೊತ್ತಿಗೆ ಕೆಳಗಿನಿಂದ ಉಳಿದ ಟೆಂಟುಗಳ ಜನ ಸಾಲುಸಾಲಾಗಿ ಏರಿ ಬರುತ್ತಿದ್ದರು. ಊರುಗೋಲು ಹಿಡಿದವರು, ಕನ್ನಡಕದವರು, ಅವರ ಮುಂದೆ ಬಿಲ್ಲೆಯ ಗೈಡುಗಳು. ಇಕ್ಕಟ್ಟು ದಾರಿ.

ಇಂಥಲ್ಲಿ ಹೊರೆಯಾಳುಗಳು ಒಂದು ಕೂಗು ಹಾಕುತ್ತಾರೆ. ಭುಜದ ಮೇಲೆ ಅಡ್ಡೆ ತೂಗುವಾಗ ನಿಲ್ಲಲಾಗುವುದಿಲ್ಲ, ಎದುರಿನವರು ಸರಿಯಲೇಬೇಕು.

"ದಾರಿ!" ಎಂದು ಕೂಗಿದಳು ರತ್ಮಿನಿ. ಎರಡು ದಿನ ಬಟ್ಟೆಯೊಳಗೆ ಇಟ್ಟಿದ್ದ ದನಿ. ಕಣಿವೆಯ ಗೋಡೆಗೆ ಬಡಿದು ವಾಪಸು ಬಂತು. "ದಾರಿ ಬಿಡ್ರಿ!"

"ಏ ಹುಚ್ಚಿ!" ಎಂದಳು ಇನಾಕ್ ರೀಪಾ ಏದುಸಿರು ಬಿಡುತ್ತ. "ಹೊರೆ ಇದ್ದೋರು ಮಾತ್ರ ಹಂಗೆ ಕೂಗೋದು ಕಣೆ!"

"ಹೊರೆ ಇದ್ದಾಗ ಬಾಯಿ ಕಟ್ಟಿದ್ರಲ್ಲ, ಅತ್ತೆ!"

ಅವಳು ಮತ್ತೆ ಕೂಗಿದಳು. ಈ ಸಲ ಸಾಹಿರುಪ್‌ನೂ ಕೂಗಿದ. ಮೊದಲ ಗೈಡು ಗಾಬರಿಯಾಗಿ ಅವರ ಹೊರೆಯಿಲ್ಲದ ಭುಜಗಳನ್ನು ನೋಡಿದ, ಮುಖಗಳನ್ನು ನೋಡಿದ, ಏನೂ ಅರ್ಥವಾಗದೆ ಬಂಡೆಗೆ ಒರಗಿ ನಿಂತ. ಅವನ ಹಿಂದಿನವರು ಸರಿದರು. ಅವರ ಹಿಂದಿನವರೂ ಸರಿದರು.